ತೆರಹನ ಉಳಿದ 60 ವರ್ಷ

ಜೂನ್ 14, 2025, ಶನಿವಾರ

ದೂರದ ಕೆಲಸಕ್ಕೆ ಒಪ್ಪಿಗೆಯ ಪತ್ರವನ್ನು ಇನ್ನೂ ಕಳುಹಿಸಿಲ್ಲ. ಅಪ್ಪನನ್ನು ಈ ವಯಸ್ಸಿನಲ್ಲಿ ಬಿಟ್ಟು ಹೋಗುವುದು ಹೇಗೆ ಎಂದು ಸಂಜೆ ಅಕ್ಕನ ಬಳಿ ಹೇಳಿದಾಗ, "ಬೈಬಲಿನ ಅಬ್ರಾಮ ಮನೆ ಬಿಟ್ಟು ಹೊರಟಾಗ ಅವನಿಗೆ 75. ನಿನಗೆ ಅದರ ಅರ್ಧವೂ ಆಗಿಲ್ಲ, ಹೆದರಿಕೆ ನೋಡು!" ಎಂದು ನಕ್ಕಳು.

ರಾತ್ರಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡವನ್ನು ತೆರೆದೆ. ನಾವು ಸಾಮಾನ್ಯವಾಗಿ 12ನೆಯ ಅಧ್ಯಾಯದಿಂದ ಓದುತ್ತೇವೆ: ದೇಶವನ್ನೂ ಬಂಧುಬಳಗವನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಡೆಂಬ ದೇವರ ಅಪ್ಪಣೆ, ಮರುಮಾತಿಲ್ಲದೆ ಹೊರಟ ಅಬ್ರಾಮ. ಆದರೆ ಅದಕ್ಕೂ ಮೊದಲೇ ಅವನ ತಂದೆ ತೆರಹ, ಮಗನನ್ನೂ ಸೊಸೆ ಸಾರಯಳನ್ನೂ ಮೊಮ್ಮಗ ಲೋಟನನ್ನೂ ಕರೆದುಕೊಂಡು ಊರ್ ಪಟ್ಟಣವನ್ನು ಬಿಟ್ಟಿದ್ದ. ಕಾನಾನ್ ದೇಶಕ್ಕೆಂದು ಹೊರಟವನು ನಡುವೆ ಹಾರಾನ್ ಎಂಬ ಊರಿನಲ್ಲಿ ನೆಲೆನಿಂತ. ಏಕೆಂದು ಗ್ರಂಥ ಹೇಳುವುದಿಲ್ಲ. ಮಗ ಮುಂದೆ ಹಿಡಿದದ್ದು ತಂದೆ ಅರ್ಧಕ್ಕೆ ಬಿಟ್ಟ ದಾರಿಯನ್ನೇ. ಇದು ನನಗೆ ದೈವವಾಣಿಗಿಂತ ಹೆಚ್ಚು ಧೈರ್ಯ ಕೊಟ್ಟಿತು. ವಾಣಿ ಎಲ್ಲರಿಗೂ ಕೇಳಿಸುವುದಿಲ್ಲವಲ್ಲ. ಅಪ್ಪನೂ ಎಲ್ಲಿಗೋ ಹೊರಟು ನಮಗಾಗಿ ನಿಂತವರೇ ಎಂದು ನಾನು ಎಂದೂ ಕೇಳಿಲ್ಲ.

ಲೆಕ್ಕ ಹಾಕಿದ ಮೇಲೆ ಆ ಧೈರ್ಯ ಕುಸಿಯಿತು. ಅಬ್ರಾಮ ಹುಟ್ಟಿದ್ದು ತೆರಹನ 70ನೆಯ ವಯಸ್ಸಿನಲ್ಲಿ ಎಂದುಕೊಂಡರೆ, ಮಗ ಹೊರಡುವಾಗ ತಂದೆಗೆ 145. ತೆರಹ ಸತ್ತದ್ದು 205ನೆಯ ವಯಸ್ಸಿನಲ್ಲಿ. ಅವನ ಮರಣವನ್ನು ಹೇಳಿ ಅಧ್ಯಾಯ ಮುಗಿಸಿ, ಅನಂತರ ಮಗನನ್ನು ಹೊರಡಿಸುವುದರಿಂದ ಮೇಲ್ನೋಟಕ್ಕೆ ತೊಡಕಿಲ್ಲ. ಲೆಕ್ಕದಲ್ಲಿ ಮಾತ್ರ ಆ ಮುದುಕ ಇನ್ನೂ 60 ವರ್ಷ ಬದುಕಿದ್ದ. ವೃದ್ಧ ತಂದೆಯನ್ನು ಬಿಟ್ಟುಹೋದನೆಂದು ಜನ ಆಡಿಕೊಳ್ಳಬಾರದೆಂದೇ ಮರಣವನ್ನು ಮೊದಲು ಹೇಳಿದೆ ಎನ್ನುತ್ತಾನೆ 11ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ. ಸಮಾರ್ಯರೆಂಬ ಪಂಗಡದವರು ಉಳಿಸಿಕೊಂಡ ಇದೇ ಗ್ರಂಥದ ಪಾಠದಲ್ಲಂತೂ ತೆರಹನ ಆಯುಸ್ಸೇ 145. ಯಾರಿಗೋ ನನ್ನಂತೆಯೇ ಕಸಿವಿಸಿಯಾಗಿರಬೇಕು! ಹೊರಡುವ ಹಿಂದಿನ ರಾತ್ರಿ ತಂದೆಮಗ ಏನು ಮಾತನಾಡಿದರೆಂಬುದಕ್ಕೆ ಒಂದಕ್ಷರವೂ ಇಲ್ಲ. ನನಗೆ ಬೇಕಾಗಿದ್ದುದು ಅದೊಂದೇ.

ಅಬ್ರಾಮನನ್ನು ಧೀರನೆಂದು ಹೊಗಳುವವರು ಆ 12ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು. ಬರ ಬಂದು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಇಳಿದಾಗ, ತನ್ನನ್ನು ಕೊಂದಾರೆಂಬ ಭಯದಿಂದ ಅವನು ಹೆಂಡತಿಗೆ ತಂಗಿಯೆಂದು ಹೇಳಿಕೊಳ್ಳಲು ಹೇಳುತ್ತಾನೆ; ಅವಳನ್ನು ಅಲ್ಲಿನ ರಾಜ ಫರೋಹನ ಅರಮನೆಗೆ ಒಯ್ಯುತ್ತಾರೆ. ಮನೆ ಬಿಡುವ ಧೈರ್ಯವಿದ್ದವನಿಗೂ ಉಳಿದ ಭಯಗಳು ಹಾಗೆಯೇ ಇದ್ದವು. ಇನ್ನು ಸಾರಯ. ಅವಳೂ ಅದೇ ಮನೆಯನ್ನು ಬಿಟ್ಟು ಬಂದವಳು, ಅವಳಿಗೆ ಯಾವ ವಾಣಿಯಾದರೂ ಕೇಳಿಸಿತೆಂದು ಈ ಅಧ್ಯಾಯದಲ್ಲಿ ಎಲ್ಲಿಯೂ ಬರೆದಿಲ್ಲ, ಹಾಗಿದ್ದರೆ ಅವಳು ಯಾವುದನ್ನು ನಂಬಿ…