‘ಆಗೇತ್ರಿ’ ಎಂಬ ಮಾತು

“ಆಗೇತ್ರಿ ಮೇಡಂ, ಎರಡಕ್ಕೂ ಹಾಟ್‌ಫಿಕ್ಸ್ ಆಗೇತಿ. ಶೀಟ್‌ನ್ಯಾಗ ಐತ್ರಿ.”

ಮಂಗಳವಾರ ಬೆಳಿಗ್ಗೆ ಹಿಂಜವಡಿಯ ನಮ್ಮ ಕಚೇರಿಯಲ್ಲಿ ವಿಜಯಪುರದ ಹುಡುಗನೊಬ್ಬ ಹೇಳಿದ ಈ ಮಾತು ಶನಿವಾರವಾದರೂ ನನ್ನ ಕಿವಿಯಲ್ಲಿ ಹಾಗೆಯೇ ಉಳಿದಿದೆ. ಪುಣೆಯ ಒಂದು ಸಹಕಾರಿ ಹಣಕಾಸು ಸಂಸ್ಥೆಯ ಫೈರ್‌ವಾಲ್‌ಗಳನ್ನು, ಅಂದರೆ ಹೊರಗಿನವರು ಜಾಲದೊಳಗೆ ನುಗ್ಗದಂತೆ ತಡೆಯುವ ಯಂತ್ರಗಳನ್ನು, ನಮ್ಮ ತಂಡ ನೋಡಿಕೊಳ್ಳುತ್ತದೆ. ಚೆಕ್ ಪಾಯಿಂಟ್ ಕಂಪನಿಯ ಎರಡು ಬಾಕ್ಸ್‌ಗಳನ್ನು ಕ್ಲಸ್ಟರ್ ಮಾಡಿ ಇಟ್ಟಿದ್ದೇವೆ; ಒಂದು ಕೆಲಸ ಮಾಡುತ್ತಿರುತ್ತದೆ, ಅದು ಕೈಕೊಟ್ಟರೆ ಇನ್ನೊಂದು ತಕ್ಷಣ ಹೊಣೆ ಹೊರುತ್ತದೆ. ಎರಡರಲ್ಲೂ ಇತ್ತೀಚಿನ ಹಾಟ್‌ಫಿಕ್ಸ್‌ಗಳು, ಅಂದರೆ ತಂತ್ರಾಂಶದ ತಿದ್ದುಪಡಿಗಳು, ಇವೆ ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕಪರಿಶೋಧಕರಿಗೆ ಬರೆದುಕೊಡುವ ಪತ್ರಕ್ಕೆ ನನ್ನ ಸಹಿ ಬೀಳಬೇಕು.

“ನೀನು ನೋಡಿದೆಯಾ?” ಎಂದು ಕೇಳಿದೆ. “ಶೀಟ್‌ನ್ಯಾಗ ಐತ್ರಿ” ಎಂದು ಅವನು ಮತ್ತೆ ಹೇಳಿದ. ಅವನು ಸುಳ್ಳು ಹೇಳುವ ಹುಡುಗನಲ್ಲ. ಶೀಟಿನಲ್ಲಿ ಎರಡು ಸಾಲುಗಳಿದ್ದವು, ಎರಡರ ಎದುರಿಗೂ ಒಂದೇ ದಿನಾಂಕ, ತಿದ್ದುಪಡಿಯ ಕಂತನ್ನು ಗುರುತಿಸುವ ಒಂದೇ ಟೇಕ್ ಸಂಖ್ಯೆ, ಒಂದೇ ಹಸಿರು ಬಣ್ಣ. ಅವನು ಓದಿದ್ದನ್ನು ಹೇಳಿದ್ದ, ಅಷ್ಟೆ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಬಾಕ್ಸ್‌ಗಳಿಗೆ ಲಾಗಿನ್ ಆದೆ. ಮೊದಲು ‘ಎಫ್‌ಡಬ್ಲ್ಯೂ ವರ್’ ಎಂಬ ಆದೇಶ ಕೊಟ್ಟೆ. ಎರಡೂ ಆರ್81.20 ಎಂದು ತೋರಿಸಿದವು, ಹುಡುಗನ ಮುಖ ಅರಳಿತು. ಇಲ್ಲಿಯೇ ಬಹಳ ಮಂದಿ ನಿಂತುಬಿಡುತ್ತಾರೆ. ಆವೃತ್ತಿಯ ಸಂಖ್ಯೆ ಪುಸ್ತಕ ಎಷ್ಟನೆಯ ಮುದ್ರಣದ್ದು ಎಂಬುದನ್ನು ಹೇಳಿದಂತೆ; ಆಮೇಲೆ ಅಚ್ಚಾದ ಒಪ್ಪೋಲೆಯನ್ನು ಯಾರಾದರೂ ಅದರೊಳಗೆ ಅಂಟಿಸಿದ್ದಾರೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ‘ಸಿಪಿಇನ್ಫೋ -ವೈ ಆಲ್’ ಎಂದು ಕೇಳಬೇಕು. ಆಗ ಬಾಕ್ಸಿನೊಳಗಿನ ಒಂದೊಂದು ಭಾಗದ ಹೆಸರಿನ ಕೆಳಗೂ ಯಾವ ಹಾಟ್‌ಫಿಕ್ಸ್‌ಗಳು ಕೂತಿವೆ ಎಂಬ ಪಟ್ಟಿ ಬರುತ್ತದೆ, ಜಂಬೋ ಹಾಟ್‌ಫಿಕ್ಸ್‌ನ ಮುಂದೆ ಅದರ ಟೇಕ್ ಸಂಖ್ಯೆ ಇರುತ್ತದೆ. ಜಂಬೋ ಎಂದರೆ ಒಟ್ಟುಗೂಡಿಸಿದ ಗಂಟು. ಹೊಸ ಟೇಕ್‌ನಲ್ಲಿ ಹಿಂದಿನ ತಿದ್ದುಪಡಿಗಳೂ ಸೇರಿರುತ್ತವೆ.

ಮೊದಲ ಬಾಕ್ಸಿನಲ್ಲಿ ಶೀಟಿನಲ್ಲಿದ್ದ ಸಂಖ್ಯೆಯೇ ಬಂತು. ಎರಡನೆಯದರಲ್ಲಿ ಅದಕ್ಕಿಂತ ಹಳೆಯದು ಬಂತು. ತಪ್ಪು ಬಾಕ್ಸಿಗೆ ಲಾಗಿನ್ ಆಗಿರಬಹುದೆಂದು ಹೋಸ್ಟ್‌ನೇಮ್ ನೋಡಿದೆ, ಐಪಿ ವಿಳಾಸ ನೋಡಿದೆ, ಮೂರು ಸಲ ಅದೇ ಆದೇಶ ಕೊಟ್ಟೆ. “ಅಕ್ಕಾ, ಇದು ಹಳೇದ ಐತಲ್ರಿ” ಎಂದು ಅವನು ಮೆಲ್ಲಗೆ ಹೇಳಿದ. ಗಾಬರಿಯಾದಾಗ ಮಾತ್ರ ಅವನಿಗೆ ನಾನು ಅಕ್ಕ.

ನನಗೆ ಕೂಡಲೇ ನೆನಪಾದದ್ದು 2024ರ ಮೇ ತಿಂಗಳ ಕೊನೆಯ ವಾರ. ಸಿವಿಇ-2024-24919 ಎಂಬ ಸಂಖ್ಯೆಯ ಭದ್ರತಾ ದೋಷ ಹೊರಬಿದ್ದ ಆ ದಿನಗಳಲ್ಲಿ, ರಿಮೋಟ್ ಆಕ್ಸೆಸ್ ವಿಪಿಎನ್ (ದೂರದಿಂದ ಕಚೇರಿಯ ಜಾಲಕ್ಕೆ ಸೇರುವ ದಾರಿ) ತೆರೆದಿಟ್ಟ ಇದೇ ಬಗೆಯ ಬಾಕ್ಸ್‌ಗಳಿಂದ ಹೊರಗಿನವರು ಪಾಸ್‌ವರ್ಡ್ ಇಲ್ಲದೆಯೇ ಕಡತಗಳನ್ನು, ಒಳಗಿನ ಖಾತೆಗಳ ಪಾಸ್‌ವರ್ಡ್ ಹ್ಯಾಶ್‌ಗಳನ್ನು (ಪಾಸ್‌ವರ್ಡ್‌ಗಳ ಗೂಢರೂಪಗಳನ್ನು) ಸಹ, ಓದಿಕೊಳ್ಳಬಹುದಿತ್ತು. ಪ್ರಕಟಣೆ ಬರುವ ಮೊದಲೇ ಅದನ್ನು ಬಳಸಿಕೊಂಡವರೂ ಇದ್ದರು. ನಮ್ಮ ಎರಡನೆಯ ಬಾಕ್ಸಿನ ಹಳೆಯ ಟೇಕ್‌ನಲ್ಲಿ ಆ ದೋಷಕ್ಕೆ ಪರಿಹಾರವಿತ್ತು. ಆದರೆ ಅದರ ನಂತರ ಬಂದ ತಿದ್ದುಪಡಿಗಳು ಯಾವುವೂ ಇರಲಿಲ್ಲ.

ಹೇಗಾಯಿತೆಂದು ಕೆದಕಿದಾಗ ತಿಳಿದದ್ದು ಇಷ್ಟು. ಹಾಟ್‌ಫಿಕ್ಸ್ ಹಾಕಿದ ರಾತ್ರಿ ಮೊದಲ ಬಾಕ್ಸ್ ಮುಗಿಯುವಷ್ಟರಲ್ಲಿ ಗ್ರಾಹಕರು ಕೊಟ್ಟಿದ್ದ ಸಮಯ ಮುಗಿದಿತ್ತು. ಎರಡನೆಯದನ್ನು ನಾಳೆ ಮಾಡಿದರಾಯಿತು ಎಂದುಕೊಂಡು, ಯಾರೋ ಮೇಲಿನ ಸಾಲನ್ನು ಕೆಳಗಿನ ಸಾಲಿಗೆ ಎಳೆದುಬಿಟ್ಟಿದ್ದರು. ಆ ‘ಯಾರೋ’ ಈಗ ಬೇರೆ ಕಂಪನಿಯಲ್ಲಿದ್ದಾರೆ. ನನ್ನ ಸಿಟ್ಟು ಅವರ ಮೇಲೆ ಅಷ್ಟಿಲ್ಲ, ಶೀಟಿನಲ್ಲಿದ್ದ ‘ಪರಿಶೀಲಿಸಿದವರು’ ಎಂಬ ಕಾಲಮ್ಮನ್ನು ಜಾಗ ಉಳಿಸಲೆಂದು ತೆಗೆಸಿದ ಮ್ಯಾನೇಜರ್ ಮೇಲೆ ಇದೆ. ಹಿಂದಿನ ತ್ರೈಮಾಸಿಕದಲ್ಲಿ ಅದೇ ಶೀಟನ್ನು ನಂಬಿ ಸಹಿ ಮಾಡಿದವಳು ನಾನೇ.

ಸ್ಟ್ಯಾಂಡ್‌ಬೈ ತಾನೇ, ಅದರ ಮೇಲೆ ಟ್ರಾಫಿಕ್ ಇರಲಿಲ್ಲವಲ್ಲ ಎಂದು ಮ್ಯಾನೇಜರ್ ಸಮಾಧಾನ ಹೇಳಿದರು. ಫೇಲ್‌ಓವರ್‌ಗಳ, ಅಂದರೆ ಹೊಣೆ ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ದಾಟಿದ್ದರ, ಇತಿಹಾಸ ತೆಗೆದಾಗ, ಈ ನಡುವೆ ಎರಡು ಸಲ ಎರಡನೆಯ ಬಾಕ್ಸೇ ಮುಂದೆ ನಿಂತಿತ್ತು, ಅದರಲ್ಲಿ ಒಮ್ಮೆ ಇಡೀ ರಾತ್ರಿ. 180 ದಿನಗಳ ಲಾಗ್‌ಗಳನ್ನು (ಯಂತ್ರ ತಾನೇ ಬರೆದಿಡುವ ದಾಖಲೆಗಳನ್ನು) ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಬೆಲೆ ನನಗೆ ಅಂದು ಗೊತ್ತಾಯಿತು. ಆ ಎರಡು ಅವಧಿಗಳ ಲಾಗ್‌ಗಳನ್ನು ನಾನೂ ಹುಡುಗನೂ ರಾತ್ರಿ ಹತ್ತರವರೆಗೆ ಕೂತು ಸಾಲುಸಾಲಾಗಿ ನೋಡಿದೆವು. ಒಳನುಗ್ಗಿದ ಗುರುತೇನಾದರೂ ಸಿಕ್ಕಿದ್ದರೆ ಅದೇ ನಿರ್ದೇಶನದಂತೆ 6 ಗಂಟೆಯೊಳಗೆ ವರದಿ ಮಾಡಬೇಕಿತ್ತು. ಅಂಥದ್ದೇನೂ ಸಿಗಲಿಲ್ಲ.

ವಾಕಡ್‌ನ ಮನೆಗೆ ಬಂದು ಮಲಗಿದರೂ ‘ಆಗೇತ್ರಿ’ ಬಿಡಲಿಲ್ಲ. ನಮ್ಮ ಭಾಷೆಯಲ್ಲಿ ಇದು ಎಷ್ಟು ಆಪ್ತವಾದ ಕ್ರಿಯಾಪದ! ಊಟ ಆಯಿತೇ ಎನ್ನುತ್ತೇವೆ, ಅಡುಗೆ ಆಗಿದೆ ಎನ್ನುತ್ತೇವೆ. ಮಾಡಿದವರ ಹೆಸರು ಹೇಳುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು. ಕಚೇರಿಗೆ ಬಂದಾಗ ಅದೇ ಮಾತಿನಲ್ಲಿ ಮಾಡಿದವರೂ ಇಲ್ಲ, ನೋಡಿದವರೂ ಇಲ್ಲ. ‘ನಾನು ನೋಡಿದೆ’ ಎಂದು ಹೇಳಬೇಕಾದರೆ ಒಬ್ಬ ಮನುಷ್ಯ ಆ ವಾಕ್ಯದೊಳಗೆ ಬಂದು ನಿಲ್ಲಲೇಬೇಕು.

ನನ್ನ ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು, ಲೋಂಡಾ ಕಡೆಯ ಸಣ್ಣ ನಿಲ್ದಾಣಗಳಲ್ಲಿ ಬಹಳ ವರ್ಷ ಕಳೆದವರು. ಗಾಡಿ ಬಂದಿತೆಂದು ಹಿಂದಿನ ನಿಲ್ದಾಣಕ್ಕೆ ತಿಳಿಸುವ ಮೊದಲು ಅದರ ಕೊನೆಯ ಡಬ್ಬಿಯ ಎಲ್‌ವಿ (ಲಾಸ್ಟ್ ವೆಹಿಕಲ್) ಫಲಕವನ್ನು, ರಾತ್ರಿಯಾದರೆ ಕೆಂಪು ದೀಪವನ್ನು ನೋಡಬೇಕಿತ್ತು. ಎಂಜಿನ್ ಬಂದ ಮಾತ್ರಕ್ಕೆ ಗಾಡಿ ಬಂದಂತಲ್ಲ, ನಡುದಾರಿಯಲ್ಲಿ ಡಬ್ಬಿಗಳು ಕಳಚಿ ಉಳಿದಿರಬಹುದು. ಮಳೆಗಾಲದ ರಾತ್ರಿಗಳಲ್ಲಿ ಅವರು ಕೊಡೆ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತು, ಕೊನೆಯ ದೀಪ ದಾಟುವವರೆಗೂ ಕಣ್ಣು ತೆಗೆಯದೆ ನೋಡುತ್ತಿದ್ದುದನ್ನು ಕ್ವಾರ್ಟರ್ಸಿನ ಕಿಟಕಿಯಿಂದ ನಾನು ಎಷ್ಟೋ ಸಲ ಕಂಡಿದ್ದೇನೆ. ಕ್ಲಸ್ಟರ್‌ನ ಎರಡನೆಯ ಬಾಕ್ಸ್ ಆ ಕೊನೆಯ ಡಬ್ಬಿ ಎಂದು ಮೂರು ತಿಂಗಳ ಹಿಂದೆಯೇ ನನಗೆ ಹೊಳೆಯಬೇಕಿತ್ತು.

ಗುರುವಾರ ರಾತ್ರಿ ಎರಡನೆಯದರ ಸ್ನ್ಯಾಪ್‌ಶಾಟ್ (ಇದ್ದ ಸ್ಥಿತಿಯ ಪ್ರತಿ) ತೆಗೆದು, ಹೊಸ ಟೇಕ್ ಹಾಕಿದೆವು. ಅದು ರೀಬೂಟ್ ಆಗಿ ಮತ್ತೆ ಕ್ಲಸ್ಟರಿಗೆ ಸೇರಿಕೊಂಡಿತು. ಪಟ್ಟಿಯನ್ನು ಹುಡುಗನೇ ತೆಗೆದು, ಎರಡೂ ಸಂಖ್ಯೆಗಳನ್ನು ಗಟ್ಟಿಯಾಗಿ ಓದಿದ. ತೆಗೆದುಹಾಕಿದ್ದ ಕಾಲಮ್ಮನ್ನು ಯಾರನ್ನೂ ಕೇಳದೆ ನಾನು ಮತ್ತೆ ಸೇರಿಸಿದ್ದೇನೆ.

ಗ್ರಾಹಕರಿಗೆ ಬರೆಯುವ ಪತ್ರದಲ್ಲಿ ‘ಪರಿಷ್ಕೃತ ಮಾಹಿತಿ’ ಎಂದರೆ ಸಾಕು ಎಂದು ಮ್ಯಾನೇಜರ್ ಹೇಳಿದರು. ನಾನು ಒಪ್ಪಲಿಲ್ಲ. ಹಿಂದಿನ ತ್ರೈಮಾಸಿಕದ ಪತ್ರದಲ್ಲಿ ಎರಡನೆಯ ಬಾಕ್ಸಿನ ಬಗ್ಗೆ ಹೇಳಿದ್ದು ತಪ್ಪು, ಅದನ್ನು ನೋಡದೆ ಸಹಿ ಮಾಡಿದವಳು ನಾನು ಎಂದೇ ಬರೆದು ಶುಕ್ರವಾರ ಸಂಜೆ ಕಳುಹಿಸಿದೆ. ಸೋಮವಾರ ಹನ್ನೊಂದಕ್ಕೆ ಶಿವಾಜಿನಗರದ ತಮ್ಮ ಕಚೇರಿಗೆ ಬರಬೇಕೆಂದು ಉತ್ತರ ಬಂದಿದೆ. ಎರಡೂ ಬಾಕ್ಸ್‌ಗಳ ಪಟ್ಟಿಯ ಪ್ರಿಂಟ್ ಹಿಡಿದುಕೊಂಡು ಹುಡುಗನೂ ನನ್ನ ಜೊತೆಗೆ ಬರುತ್ತಾನೆ.