ಗೈಡ್ ರೈಲಿಗೆ ಬಿದ್ದ ಪೆಟ್ಟು

ಪುನರ್ವಸು ಮಳೆ ಹಿಡಿದು ನಾಕು ದಿನ ಆಗಿತ್ತು. ನಮ್ಮ ತೀರ್ಥಹಳ್ಳಿ ಕಡೆ ಆ ಹೊತ್ತಲ್ಲಿ ನೆಲ ಒಣಗೋದೇ ಇಲ್ಲ, ನನ್ನ ವರ್ಕ್‌ಶಾಪೂ ಹಳೇ ಕೊಟ್ಟಿಗೇಲೇ ಇರೋದು. ಅಕ್ಕನ ಮನೆ ಕಪಾಟಿಗೆ ಅಂತ ತಂದ 18 ಎಂಎಂ ಪ್ಲೈವುಡ್ ಗೋಡೆಗೆ ಒರಗಿಸಿಟ್ಟಿದ್ದೆ, 8 ಅಡಿ 4 ಅಡಿ ಫುಲ್ ಶೀಟ್ ಅಂದ್ರೆ 30 ಕೆಜಿ ಮೇಲೇ ತೂಗತ್ತೆ, ಅದರ ಬುಡ ಜಾರಿ ದಡಾರ್ ಅಂತ ಬಿದ್ದಿದ್ದು ಪಕ್ಕದಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ ಸಾ ಗೈಡ್ ರೈಲಿನ ಮೇಲೆ, ಅಂದ್ರೆ ಕರೆಂಟ್ ಗರಗಸ ಸೊಟ್ಟ ಹೋಗದಂಗೆ ಅದರ ಕೆಳಗೆ ಹಾಸೋ ಉದ್ದ ಪಟ್ಟಿ. 1400 ಎಂಎಂ ಉದ್ದದ ಅಲ್ಯೂಮಿನಿಯಂ ರೈಲು, ವರ್ಷಗಟ್ಲೆ ದುಡ್ಡು ಕೂಡಿಟ್ಟು ತಗೊಂಡಿದ್ದು. ಎತ್ತಿ ನೋಡಿದ್ರೆ ಗರಗಸ ಕೂತು ಓಡೋ ಏಣು ಒಂದು ಕಡೆ ಉಗುರಗಲ ಪಕ್ಕಕ್ಕೆ ಉಬ್ಬಿತ್ತು, ಅಂಚಿನ ರಬ್ಬರ್ ಪಟ್ಟಿ ಹರಿದು ಒಂದು ಗೇಣು ನೇತಾಡ್ತಿತ್ತು. ಅವತ್ತು ಮಧ್ಯಾಹ್ನ ಊಟ ಸೇರ್ಲಿಲ್ಲ ಮಾರಾಯ್ರೆ.

ರೈಲೇ ಬಾಗಿದ್ರೆ ಏನು ಮಾಡಿದ್ರೂ ದಂಡ. ಅದಕ್ಕೆ ಮೊದ್ಲು ಶೀಟಿನ ಮೇಲಿಟ್ಟು ಹಿಂದಿನ ಅಂಚಿಗೆ ಚೂಪು ಪೆನ್ಸಿಲಲ್ಲಿ ಗೆರೆ ಎಳೆದೆ, ರೈಲನ್ನ ತಲೆ-ಬುಡ ತಿರುಗಿಸಿ ಅದೇ ಅಂಚನ್ನ ಗೆರೆಯ ಆಚೆ ಕಡೆಯಿಂದ ತಾಗಿಸಿ ಮತ್ತೊಂದು ಎಳೆದೆ, ಹಿಂಗೆ ಮಾಡಿದ್ರೆ ಅರ್ಧ ಎಂಎಂ ಸೊಟ್ಟ ಇದ್ರೂ ನಡುವೆ ಒಂದು ಎಂಎಂ ಆಗಿ ಕಾಣತ್ತೆ. ಎರಡೂ ಗೆರೆ ಒಂದರ ಮೇಲೊಂದು ಕೂತ್ವು. ಜೀವ ಬಂತು.

ಏಣು ಉಬ್ಬಿದೆ ಅಂತ ಗರಗಸದ ಬೇಸನ್ನ ಏಣಿಗೆ ಬಿಗಿಯಾಗಿ ಕೂರಿಸೋ ಸ್ಕ್ರೂ ಸಡ್ಲ ಮಾಡ್ಕೊಂಡು ಕೆಲಸ ಸಾಗಿಸೋರೂ ಇದಾರೆ, ಅದು ತಪ್ಪು, ಬಾಕಿ ಜಾಗದಲ್ಲೆಲ್ಲ ಗರಗಸ ಅಲ್ಲಾಡತ್ತೆ, ಕಟಿಂಗ್ ನೇರ ಬರಲ್ಲ. ನಾನು ಹೊನ್ನೆ ಮರದ ತುಂಡೊಂದನ್ನ ಒತ್ತುಕೊಟ್ಟು ಕೊಡತೀಲಿ ಮೆಲ್ಲಗೆ ತಟ್ಟಿದೆ, ಕಬ್ಬಿಣದ ಸುತ್ತಿಗೆ ಮುಟ್ಲಿಲ್ಲ, ಅಲ್ಯೂಮಿನಿಯಂ ಆ ಕಡೆ ಈ ಕಡೆ ಬಗ್ಗಿಸಿದ್ರೆ ಬಿರುಕು ಬಿಡತ್ತೆ. ಮುಕ್ಕಾಲು ಪಾಲು ಸರಿಹೋಯ್ತು. ಉಳಿದಿದ್ದಕ್ಕೆ ನುಣುಪು ಅರ. ಅದಕ್ಕೆ ಮೊದ್ಲು ಚಾಕ್‌ಪೀಸ್ ತಿಕ್ಕಿದೆ, ಇಲ್ಲಾಂದ್ರೆ ಪುಡಿ ಹಲ್ಲಿಗೆ ಮೆತ್ಕೊಂಡು ಗೀರು ಬೀಳತ್ತೆ. ನಾಕು ಸಲ ಉಜ್ಜೋದು, ವೈರ್ ಕಿತ್ತಿಟ್ಟ ಗರಗಸ ಕೂರಿಸಿ ತಳ್ಳೋದು, ಎಲ್ಲಿ ಹಿಡಿಯತ್ತೋ ಅಲ್ಲಿ ಬೆರಳಿಟ್ಟು ನೋಡೋದು, ಮತ್ತೆ ಉಜ್ಜೋದು, ಕರೆಂಟ್ ಹೋಗಿ ಟಾರ್ಚ್ ಬೆಳಕಲ್ಲೂ ಬಿಡ್ಲಿಲ್ಲ. ಕೊನೆಗೆ 600ರ ಸ್ಯಾಂಡ್‌ಪೇಪರ್, ಮೇಲೆ ಮೇಣದಬತ್ತಿ ಸವರಿದೆ. ಗರಗಸ ಸೊಯ್ ಅಂತ ತುದಿ ಮುಟ್ಟಿತು.

ರಬ್ಬರ್ ಪಟ್ಟಿ ಶಿವಮೊಗ್ಗದಿಂದ ಬಸ್ಸಲ್ಲಿ ತರಿಸಿದೆ. ಬ್ಲೇಡು ಹಾಯೋ ಜಾಗದಲ್ಲಿ ಪ್ಲೈವುಡ್ ಸಿಪ್ಪೆ ಏಳದಂಗೆ ಅದುಮಿ ಹಿಡಿಯೋದು ಅದೇ. ಹಳೇ ಅಂಟನ್ನ ಥಿನ್ನರಲ್ಲಿ ಒರೆಸಿ, ತೇವ ಪೂರ್ತಿ ಆರಿಸಿ, ಎಳೀದೆ ಅಂಟಿಸಿ, ಮರುದಿನ ಅದೇ ಗರಗಸದ ಬ್ಲೇಡಲ್ಲಿ ಪಟ್ಟಿಯ ಹೊರಗೆ ಚಾಚಿದ ಅಂಚನ್ನ ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಕತ್ತರಿಸಿದೆ.

ಆಮೇಲೆ ಬಿದ್ದ ಶೀಟನ್ನೇ ಕೊಯ್ದೆ. ಅಂಚು ಬೆಣ್ಣೆ ಹಾಗಿತ್ತು. ಪೆಟ್ಟು ಬಿದ್ದ ಕಡೆ ಬೆರಳಾಡಿಸಿದ್ರೆ ಈಗ್ಲೂ ಸಣ್ಣಗೆ ಗೊತ್ತಾಗತ್ತೆ. ರೈಲು ಈಗ ಗೋಡೆ ಮೊಳೆಗೆ, ತುದಿಯ ತೂತಲ್ಲಿ ನೇತಾಡ್ತಿದೆ, ನೆಲದಿಂದ ಒಂದು ಮೊಳ ಮೇಲೆ.