ನಿಕೋಡೆಮಸ್: ಲೆಕ್ಕಕ್ಕೆ 14 ಜನ, ಹಬ್ಬಕ್ಕೆ ಊರು ತುಂಬಾ ಜನ

ಅಮೆರಿಕದ ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ, ಹೆದ್ದಾರಿ 24ರ ಪಕ್ಕದಲ್ಲೇ ನಿಕೋಡೆಮಸ್ ಅಂತ ಒಂದು ಪುಟ್ಟ ಊರಿದೆ. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು 14 ಜನ. ಆದರೂ ಅದು ರಾಷ್ಟ್ರೀಯ ಐತಿಹಾಸಿಕ ತಾಣ. ಅಂತರ್ಯುದ್ಧ ಮುಗಿದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಮಿಸಿಸಿಪ್ಪಿ ನದಿ ದಾಟಿ ಪಶ್ಚಿಮಕ್ಕೆ ಬಂದು ಹಲವು ಊರು ಕಟ್ಟಿದರು. ಅವುಗಳಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯ ಊರು ಇದು.

ಕ್ಯಾನ್ಸಸ್‌ನದೇ ಇನ್ನೊಂದು ಊರಾದ ಸಲೈನಾದಲ್ಲಿರುವ ಅಕ್ಕನ ಮನೆಗೆ ಹೋದಾಗ ಇದನ್ನು ನೋಡಲೇಬೇಕು ಅಂತ ಹಟ ಹಿಡಿದೆ. "ಅಲ್ಲೇನಿದೆ ಅಂತ ಅಷ್ಟು ದೂರ?" ಅಂದರು ಭಾವ. ಆದರೂ ಬೆಳಗ್ಗೆ ಅವರೇ ಕಾರಿನ ಕೀ ಹಿಡಿದು ಹೊರಗೆ ನಿಂತಿದ್ದರು. ಅಕ್ಕ ಚಪಾತಿ, ಚಟ್ನಿಪುಡಿ, ಮೊಸರು ಕಟ್ಟಿಕೊಂಡಳು. ಇಂಟರ್‌ಸ್ಟೇಟ್ 70ರಲ್ಲಿ ಹೇಸ್‌ವರೆಗೆ ಹೋಗಿ, ಅಲ್ಲಿಂದ ಉತ್ತರಕ್ಕೆ ಪ್ಲೇನ್‌ವಿಲ್, ಸ್ಟಾಕ್ಟನ್. ಸ್ಟಾಕ್ಟನ್‌ನಲ್ಲಿ ಪಶ್ಚಿಮಕ್ಕೆ ತಿರುಗಿದರೆ ಹೆದ್ದಾರಿ 24. ಜುಲೈ ಕೊನೆ, ಗೋಧಿ ಕೊಯ್ಲು ಆಗಿಹೋಗಿತ್ತು. ಎರಡೂ ಕಡೆ ಕೂಳೆ ಹೊಲ, ಹಸಿರು ಜೋಳ, ಅಲ್ಲೊಂದು ಇಲ್ಲೊಂದು ದನದ ಮಂದೆ. ಮರ ಕಂಡರೆ ಅಲ್ಲೊಂದು ಹಳ್ಳವೋ ಮನೆಯೋ ಇದೆ ಅಂತಲೇ ಅರ್ಥ.

ಕ್ಯಾನ್ಸಸ್ ಲೆಕ್ಕದಲ್ಲಿ ಇದು ಸಿಟಿ ಅಲ್ಲ. ಮೇಯರ್ ಇಲ್ಲ, ಊರಿನದೇ ಕೌನ್ಸಿಲ್ ಇಲ್ಲ. ರಸ್ತೆ, ಪೊಲೀಸು ಎಲ್ಲ ಗ್ರಹಾಂ ಕೌಂಟಿ (ನಮ್ಮ ಜಿಲ್ಲೆಯ ಥರ) ಮತ್ತು ಅದರೊಳಗಿನ ಸಣ್ಣ ವಿಭಾಗವಾದ ಟೌನ್‌ಶಿಪ್‌ನ ಜವಾಬ್ದಾರಿ. ನಮ್ಮ ಕಡೆ ಎಷ್ಟೇ ಸಣ್ಣ ಹಳ್ಳಿಯಾದರೂ ಯಾವುದೋ ಒಂದು ಪಂಚಾಯಿತಿಗೆ ಸೇರಿರುತ್ತೆ, ಅದಕ್ಕೊಬ್ಬ ಸದಸ್ಯ ಇರುತ್ತಾನೆ. ಇಲ್ಲಿ ಹಾಗಲ್ಲ. ಜನ ತಾವೇ ಸೇರಿ ಸಿಟಿ ಆಗಬೇಕು ಅಂತ ಕೇಳಿಕೊಂಡು ಕಾನೂನು ಪ್ರಕಾರ ಆಗಬೇಕು. ಆಗದಿದ್ದರೆ ಊರು ಇರುತ್ತೆ, ಊರಿಗೊಂದು ಸರ್ಕಾರ ಇರುವುದಿಲ್ಲ.

ಊರಿನ ಕಥೆ ಶುರುವಾಗೋದು 1877ರಲ್ಲಿ. ಡಬ್ಲ್ಯೂ. ಆರ್. ಹಿಲ್ ಅನ್ನೋ ಬಿಳಿಯ ಜಮೀನು ವ್ಯಾಪಾರಿ ಮತ್ತು ಡಬ್ಲ್ಯೂ. ಎಚ್. ಸ್ಮಿತ್ ಅನ್ನೋ ಕಪ್ಪು ಪಾದ್ರಿ ಸೇರಿ ಹೊಸ ಊರು ಕಟ್ಟೋಕೆ ಅಂತ ಒಂದು ಟೌನ್ ಕಂಪನಿ ಮಾಡಿದರು. ಸಾಲೊಮನ್ ನದಿಯ ದಕ್ಷಿಣ ಕವಲಿನ ಹತ್ತಿರ ಜಾಗ ಗುರುತಿಸಿ, ಕೆಂಟಕಿ ರಾಜ್ಯದ ಚರ್ಚುಗಳಲ್ಲಿ ಪ್ರಚಾರ ಮಾಡಿದರು. ಕಪ್ಪು ಜನರದೇ ಊರು, ಫಲವತ್ತಾದ ಮಣ್ಣು, ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಜಮೀನು. ನಿನ್ನೆ ಮೊನ್ನೆವರೆಗೂ ತಾವೇ ಬೇರೆಯವರ ಆಸ್ತಿಯಾಗಿದ್ದ ಜನರಿಗೆ 160 ಎಕರೆ ಅನ್ನೋ ಮಾತು ಹೇಗೆ ಕೇಳಿಸಿರಬೇಕು, ಯೋಚಿಸಿ. 1862ರ ಆ ಕಾಯ್ದೆಯಲ್ಲಿ ಐದು ವರ್ಷ ಆ ನೆಲದಲ್ಲೇ ಇದ್ದು ಉಳುಮೆ ಮಾಡಿದರೆ ಜಮೀನು ನಿಮ್ಮದು. ಸೆಪ್ಟೆಂಬರ್‌ನಲ್ಲಿ 300ಕ್ಕೂ ಹೆಚ್ಚು ಜನ ಕೆಂಟಕಿಯಿಂದ ರೈಲು ಹತ್ತಿದರು.

ರೈಲು ಎಲ್ಲಿಸ್ ಅನ್ನೋ ಊರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಹುಲ್ಲುಗಾವಲಿನಲ್ಲಿ ಕಾಲ್ನಡಿಗೆ, ಇಲ್ಲವೇ ಎತ್ತಿನ ಗಾಡಿ. ಬಂದು ನೋಡಿದರೆ ಊರೇ ಇಲ್ಲ. ಮೊದಲು ಬಂದಿದ್ದ ಕೆಲವರು ದಿಬ್ಬದ ಮಗ್ಗುಲಲ್ಲಿ ನೆಲ ತೋಡಿ ಗುಂಡಿಮನೆ ಮಾಡಿಕೊಂಡು ವಾಸವಾಗಿದ್ದರು. ಕಡಿಯೋಕೆ ಮರ ಇಲ್ಲದ ಕಡೆ ಮನೆ ಕಟ್ಟೋದಾದರೂ ಹೇಗೆ? ಬಂದವರಲ್ಲಿ ಹಲವು ಕುಟುಂಬಗಳು ಮಾರನೆಯ ದಿನವೇ ವಾಪಸ್ ಹೊರಟುಬಿಟ್ಟವು.

ಮುಂದಿನ ವಸಂತದಲ್ಲಿ, 1878ರಲ್ಲಿ, ವಿಲಿಯಾನಾ ಹಿಕ್‌ಮನ್ ಅನ್ನೋ ಹೆಂಗಸು ಪಾದ್ರಿ ಗಂಡನ ಜೊತೆ ಇಲ್ಲಿಗೆ ಬಂದಳು. ಎಲ್ಲಿಸ್‌ನಲ್ಲಿ ಇವರ ಗುಂಪಿನ ಮಕ್ಕಳಿಗೆ ದಡಾರ ಬಂತು, ಕೆಲವು ಮಕ್ಕಳು ಉಳಿಯಲಿಲ್ಲ. ಅಲ್ಲಿಂದ ಎರಡು ದಿನದ ದಾರಿ ಮುಗಿಸಿ ಹತ್ತಿರ ಬಂದಾಗ ಗಂಡಸರು "ಅದೋ ನಿಕೋಡೆಮಸ್" ಅಂತ ಕೂಗಿದರು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಏನೂ ಕಾಣಲಿಲ್ಲ. ನೆಲದಿಂದ ಅಲ್ಲಲ್ಲಿ ಹೊಗೆ ಏಳುತ್ತಿತ್ತು. ಆ ಹೊಗೆಯ ಕೆಳಗೇ ಜನ ಇದ್ದಾರೆ ಅಂತ ಗೊತ್ತಾದಾಗ ಅತ್ತುಬಿಟ್ಟೆ ಅಂತ ಆಕೆ ಮುಂದೆ ಹೇಳಿಕೊಂಡಿದ್ದಾಳೆ. ಮಗು ಕಳೆದುಕೊಂಡ ತಾಯಂದಿರ ಜೊತೆ ನಡೆದು ಬಂದವಳು. ಅವಳ ಆ ಮಾತು ಓದಿಯೇ ನನಗೆ ಇಲ್ಲಿಗೆ ಬರಬೇಕು ಅನಿಸಿದ್ದು. ಅತ್ತರೂ ಅವಳು ವಾಪಸ್ ಹೋಗಲಿಲ್ಲ.

ಅವಳು ಬರೋ ಮುಂಚೆ, ಊರಿನ ಮೊದಲ ಚಳಿಗಾಲ ಹೊಟ್ಟೆಗಿಲ್ಲದೆ ಕಳೆದಿತ್ತು. ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟಿದ್ದರಿಂದ ಹಲವರ ಜೀವ ಉಳಿಯಿತು. ತಮ್ಮದೇ ನೆಲ ಕಳೆದುಕೊಂಡ ಜನ ಅವರು. ಅವರು ಕೊಟ್ಟರು, ಇವರು ಉಂಡರು. ಈ ಊರಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಇದೇ. ವಸಂತ ಬಂದಾಗ ಬಹಳ ಜನರ ಹತ್ತಿರ ನೇಗಿಲೂ ಇಲ್ಲ, ಕುದುರೆಯೂ ಇಲ್ಲ. ಹುಲ್ಲಿನ ಬೇರು ದಪ್ಪಗೆ ಹೆಣೆದುಕೊಂಡಿದ್ದ ನೆಲವನ್ನು ಸನಿಕೆ, ಗುದ್ದಲಿಯಲ್ಲೇ ಅಗೆದರು. ಗಂಡಸರು ದೂರದ ರೈಲ್ವೆ ಕೆಲಸಕ್ಕೆ ಹೋಗಿ ದುಡ್ಡು ತಂದರು.

ಅಷ್ಟಾದರೂ ಊರು ಎದ್ದು ನಿಂತಿತು. 1880ರ ಹೊತ್ತಿಗೆ ಊರು ಮತ್ತು ಸುತ್ತಲಿನ ಟೌನ್‌ಶಿಪ್ ಸೇರಿ 258 ಕಪ್ಪು ಜನ, 58 ಬಿಳಿಯರು ಇದ್ದರು. ಝಕಾರಿ ಫ್ಲೆಚರ್ ಮೊದಲ ಪೋಸ್ಟ್‌ಮಾಸ್ಟರ್ ಆದ. ಅವನ ಹೆಂಡತಿ ಜೆನ್ನಿ ಮೊದಲ ಶಿಕ್ಷಕಿ. ಅಂಗಡಿ, ಹೋಟೆಲು, ಚರ್ಚು ಬಂದವು. 1886ರಲ್ಲಿ ಒಂದು ಪತ್ರಿಕೆ, 1887ರಲ್ಲಿ ಇನ್ನೊಂದು. ಇಲ್ಲಿಂದಲೇ ಎಡ್ವರ್ಡ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್ ರಾಜ್ಯದ ಆಡಿಟರ್ ಆಗಿ ಚುನಾವಣೆ ಗೆದ್ದ, 1884ರಲ್ಲಿ ಮತ್ತೆ ಗೆದ್ದ. ಗುಂಡಿಮನೆಯಿಂದ ರಾಜ್ಯದ ಹುದ್ದೆಯವರೆಗೆ ಐದೇ ವರ್ಷ!

ಆಮೇಲೆ ಬಂದಿದ್ದು ರೈಲಿನ ಆಸೆ. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯ ಹಳಿ ಊರಿಗೆ ಬರಲಿ ಅಂತ ಜನ 16,000 ಡಾಲರ್ ಬಾಂಡ್‌ಗೆ, ಅಂದರೆ ಅಷ್ಟು ಸಾರ್ವಜನಿಕ ಸಾಲ ಎತ್ತೋದಕ್ಕೆ, ಮತ ಹಾಕಿದರು. ಕಂಪನಿ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ನದಿಯ ಆಚೆ ಬದಿಯಲ್ಲಿ. ಅಲ್ಲಿ ಬೋಗ್ ಅನ್ನೋ ಹೊಸ ಊರು ಹುಟ್ಟಿತು, ನಿಕೋಡೆಮಸ್‌ನಿಂದ ಸುಮಾರು ಆರು ಮೈಲಿ. ಇಲ್ಲಿನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ದುಡಿಮೆಯಲ್ಲಿ ಊರಿನವರು ಯಾವ ಕೊರತೆಯನ್ನೂ ಮಾಡಿರಲಿಲ್ಲ. ಹಳಿ ಎಲ್ಲಿ ಬೀಳಬೇಕು ಅನ್ನೋದು ಮಾತ್ರ ಅವರ ಕೈಯಲ್ಲಿ ಇರಲಿಲ್ಲ.

ಅಂಗಡಿಗಳು ಹೋದರೂ ರೈತರು ಉಳಿದರು. ಹಾಗಾಗಿ ಊರು ಒಂದೇ ಏಟಿಗೆ ಸಾಯಲಿಲ್ಲ. ಜನ ಖಾಲಿಯಾಗಿದ್ದು 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಯ ಕಾಲದಲ್ಲಿ. 1935ಕ್ಕೆ 76 ಜನ, 1950ಕ್ಕೆ 16. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ನಂತರ ಶಾಲೆಯೂ ಮುಚ್ಚಿತು. ಕೆಲಸ ಹುಡುಕಿಕೊಂಡು ಮಕ್ಕಳು ಡೆನ್ವರ್, ಟೊಪೀಕಾ, ಕ್ಯಾಲಿಫೋರ್ನಿಯಾ ಸೇರಿದರು.

ನಾವು ಹೋಗಿದ್ದು ಜುಲೈ ಕೊನೆಯ ವಾರಾಂತ್ಯ, ಬೇಕಂತಲೇ ನೋಡಿಕೊಂಡು. ಹೀಗೆ ದೂರ ಹೋದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಪ್ರತಿ ವರ್ಷ ಊರಿಗೆ ಬರೋದು ಆಗಲೇ. ಹೋಮ್‌ಕಮಿಂಗ್ ಅಂತಾರೆ. ಹಿಂದೆ ಇದು ಆಗಸ್ಟ್ 1ರಂದು ನಡೆಯುತ್ತಿತ್ತು. 1834ರ ಆಗಸ್ಟ್ 1ರಂದು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬ್ರಿಟಿಷರ ಗುಲಾಮಗಿರಿ ಕಾಯ್ದೆ ಪ್ರಕಾರ ಕೊನೆಗೊಂಡಿತ್ತು. ಬೇರೆಯವರ ಬಿಡುಗಡೆಯನ್ನು ಅಮೆರಿಕದ ಕಪ್ಪು ಜನ ತಮ್ಮ ಹಬ್ಬ ಮಾಡಿಕೊಂಡರು. (ಅದೇ 1834ರಲ್ಲಿ ನಮ್ಮ ದೇಶದಿಂದ ಕೂಲಿಗಳನ್ನು ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಸಾಗಿಸೋಕೆ ಶುರು ಮಾಡಿದ್ದು. ಅಲ್ಲಿ ನಿಂತಾಗ ಅದು ನೆನಪಾಗದೇ ಇರಲಿಲ್ಲ.)

ಊರಿನ ಮಣ್ಣು ರಸ್ತೆಗಳ ಎರಡೂ ಬದಿ ಬೇರೆ ಬೇರೆ ರಾಜ್ಯಗಳ ನಂಬರ್ ಪ್ಲೇಟಿನ ಕಾರುಗಳು. ಮೆರವಣಿಗೆ, ಹಾಡು, ಮೀನು ಕರಿಯೋ ವಾಸನೆ, ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ಕುಟುಂಬಗಳು. ಶರ್ಟಿನ ಬೆನ್ನ ಮೇಲೆ ವಂಶವೃಕ್ಷವೇ ಅಚ್ಚಾಗಿತ್ತು. ವಯಸ್ಸಾದ ಒಬ್ಬ ಹೆಂಗಸು ಅಕ್ಕನ ಕೈ ಹಿಡಿದು ಕುರ್ಚಿ ಎಳೆದು ಕೂರಿಸಿದರು. "ನಿಮ್ಮವರು ಯಾರು?" ಅಂತ ಕೇಳಿದರು. ನಮ್ಮವರು ಯಾರೂ ಇಲ್ಲ, ಸುಮ್ನೆ ನೋಡೋಕೆ ಬಂದ್ವಿ ಅಂದೆವು. "ಹಾಗಾದರೆ ಊಟ ಮಾಡಿ" ಅಂದರು. ಭಾವ ಅವರ ಪಕ್ಕದಲ್ಲೇ ಕೂತು ಒಂದು ಗಂಟೆ ಎದ್ದೇಳಲಿಲ್ಲ. ಆಕೆ ಈ ಊರಲ್ಲಿ ವಾಸ ಮಾಡಿದ್ದು ಚಿಕ್ಕಂದಿನಲ್ಲಿ ಮಾತ್ರ, ಆದರೆ ಇಲ್ಲಿನ ಜಮೀನು ಇನ್ನೂ ಅವರ ಮನೆತನದ ಹೆಸರಲ್ಲೇ ಇದೆ. ಮಾರೋ ಮಾತೇ ಇಲ್ಲವಂತೆ.

ಜನಗಣತಿಯವರು ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಅಂತ ಎಣಿಸ್ತಾರೆ. ಅದು ಅವರ ಕೆಲಸ, ತಪ್ಪಿಲ್ಲ. ಆದರೆ ನಿಕೋಡೆಮಸ್‌ಗೆ ಆ ಲೆಕ್ಕ ಸಾಲದು. ನೀವು ಯಾವ ಊರಿನವರು ಅಂತ ಕೇಳಿದರೆ, ಇಲ್ಲಿ ಒಂದು ವರ್ಷವೂ ಇರದ ಎಷ್ಟೋ ಜನ ನಿಕೋಡೆಮಸ್ ಅಂತಾನೇ ಹೇಳ್ತಾರೆ. 1976ರಲ್ಲಿ ಊರನ್ನು ರಾಷ್ಟ್ರೀಯ ಹೆಗ್ಗುರುತು ಅಂತ ಘೋಷಿಸಿದ್ದು, 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣ ಮಾಡಿದ್ದು, ಇದರ ಹಿಂದೆ ಇದ್ದಿದ್ದೂ ಇಂಥ ಜನರೇ.

ನೋಡೋಕೆ ಹಳೆಯ ಕಟ್ಟಡ ಐದು. ಎ.ಎಂ.ಇ. (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚ್, 1907ರ ಹಳೆಯ ಬ್ಯಾಪ್ಟಿಸ್ಟ್ ಚರ್ಚ್, ಫ್ಲೆಚರ್ ದಂಪತಿಯ ಸೇಂಟ್ ಫ್ರಾನ್ಸಿಸ್ ಹೋಟೆಲ್, 1918ರ ಶಾಲೆ, ಮತ್ತೆ 1939ರ ಟೌನ್‌ಶಿಪ್ ಹಾಲ್. ಹಾಲ್ ಅಲ್ಲಿನ ಸುಣ್ಣಕಲ್ಲಿನದು. ಬರದ ಕಾಲದಲ್ಲಿ ಸರ್ಕಾರ ಕೊಟ್ಟ ಕೂಲಿ ಕೆಲಸದಲ್ಲಿ ಕಟ್ಟಿದ್ದು. ಜನ ಊರು ಬಿಡುತ್ತಿದ್ದ ಹೊತ್ತಿನಲ್ಲಿ ಉಳಿದವರು ಇಷ್ಟು ಗಟ್ಟಿ ಗೋಡೆ ಎಬ್ಬಿಸಿದರಲ್ಲ ಅಂತ ಅದರ ಮುಂದೆ ಬಹಳ ಹೊತ್ತು ನಿಂತೆ.

ಹೋಗೋದಾದರೆ ಜುಲೈ ಕೊನೆಯ ವಾರಾಂತ್ಯಕ್ಕೇ ಹೋಗಿ. ಬೇರೆ ದಿನ ಹೋದರೆ ಕಟ್ಟಡ ನೋಡಬಹುದು, ಈ ತಾಣ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರು ಕಥೆಯನ್ನೂ ಹೇಳ್ತಾರೆ, ಆದರೆ ಊರು ಕಾಣೋದು ಆ ವಾರಾಂತ್ಯದಲ್ಲೇ. ಪೆಟ್ರೋಲ್ ಸ್ಟಾಕ್ಟನ್‌ನಲ್ಲೋ ಹಿಲ್ ಸಿಟಿಯಲ್ಲೋ ಹಾಕಿಸಿಕೊಳ್ಳಿ. ಟೋಪಿ, ನೀರು ಜಾಸ್ತಿ ಇರಲಿ, ಬಿಸಿಲು ತುಂಬಾ. ಹೋಟೆಲ್ ಅಂತ ಹೆಸರಿದ್ದರೂ ಸೇಂಟ್ ಫ್ರಾನ್ಸಿಸ್ ಖಾಸಗಿ ಆಸ್ತಿ, ರಸ್ತೆಯಿಂದಲೇ ನೋಡಿ. ಸಮಯ ಇದ್ದರೆ ವಾಪಸ್ ಬರುವಾಗ ಎಲ್ಲಿಸ್ ಮೇಲೆ ಬನ್ನಿ. ವಿಲಿಯಾನಾಗೆ ಎರಡು ದಿನ ಹಿಡಿದ ದಾರಿ ಕಾರಿನಲ್ಲಿ ಹೆಚ್ಚೆಂದರೆ ಒಂದು ಗಂಟೆ.